ಹಲಗಲಿಯ ಹೊಸ್ತಿಲು

ನಮ್ಮ ಕಡೆ ಒಂದೊಂದು ಊರಿಗೆ ಒಂದೊಂದು ಹೆಸರು ಅಂಟಿಕೊಂಡಿರುತ್ತದೆ. ಮಹಾಲಿಂಗಪುರ ಎಂದರೆ ಬೆಲ್ಲ. ರಬಕವಿ-ಬನಹಟ್ಟಿ ಎಂದರೆ ಮಗ್ಗ. ಜಮಖಂಡಿ ಎಂದರೆ ಪಟವರ್ಧನರ ಸಂಸ್ಥಾನ. ಬೀಳಗಿ ಎಂದರೆ ಈಚೆಗೆ ಆಲಮಟ್ಟಿಯ ಹಿನ್ನೀರು. ಮುಧೋಳ ಎಂದರೆ ಓದಿದವರು ರನ್ನ ಎನ್ನುತ್ತಾರೆ, ಉಳಿದವರು ಬೇಟೆನಾಯಿ ಎನ್ನುತ್ತಾರೆ. ಈ ಹೆಸರುಗಳನ್ನು ಊರಿನವರು ಬೇಡಿ ಪಡೆದದ್ದಲ್ಲ. ಲಗ್ನದ ದಿವಸ ಅಕ್ಕಿಯ ಮೇಲೆ ಬರೆದು ಸೊಸೆಗೊಂದು ಹೊಸ ಹೆಸರು ಇಡುತ್ತಾರಲ್ಲ, ಹಾಗೆ ಬೇರೆಯವರು ಇಟ್ಟದ್ದು. ಆ ಹೆಸರಿನ ಹಿಂದೆ ತವರಿನ ಹೆಸರೊಂದು ಸುಮ್ಮನೆ ಕುಳಿತಿರುತ್ತದೆ.

ಮುಧೋಳ ತಾಲ್ಲೂಕಿನ ಹಲಗಲಿಗೆ ಹೆಸರು ತಂದದ್ದು ಒಂದು ಬೆಂಕಿ. ಹಲಗಲಿ ಎಂದೊಡನೆ ಬೇಡರು, ಬೇಡರು ಎಂದೊಡನೆ 1857. ಶಾಲೆಯ ಪಾಠದಲ್ಲಿ ಆ ಊರು ಹುಟ್ಟುವುದೇ ಆ ವರ್ಷದ ನವೆಂಬರಿನಲ್ಲಿ, ಸುಟ್ಟುಹೋಗುವುದೂ ಅದೇ ನವೆಂಬರಿನಲ್ಲಿ. ಅದರ ಹಿಂದಿನ ದಿನ ಆ ಊರಿನ ಹೆಂಗಸರು ರೊಟ್ಟಿ ಬಡಿದಿರಲಿಲ್ಲವೇ? ಮರುದಿನ ಕೂಸುಗಳು ಹಸಿವೆ ಎನ್ನಲಿಲ್ಲವೇ? ಆ ಲಾವಣಿಯನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಕತ್ತಿ ಬಂದೂಕುಗಳನ್ನು ದಾಟಿಕೊಂಡು ಅಡುಗೆಮನೆಯ ಕಡೆಗೇ ನಡೆಯುತ್ತದೆ. ಇದು ಹೆಂಗಸಿನ ಬುದ್ಧಿ ಎಂದು ಯಾರಾದರೂ ನಕ್ಕರೆ ನಗಲಿ. ಆ ಲಾವಣಿ ಕಟ್ಟಿದವನ ಬುದ್ಧಿಯೂ ಅತ್ತಲೇ ನಡೆದಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವೆ. 1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ತಿರುಗಿಬಿದ್ದ ಮೇಲೆ ಕಂಪನಿ ಸರಕಾರಕ್ಕೆ ಜನರ ಕೈಯಲ್ಲಿದ್ದ ಆಯುಧಗಳ ಭಯ ಹತ್ತಿತು. ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು, ಇದ್ದದ್ದನ್ನು ತಂದೊಪ್ಪಿಸಬೇಕು ಎಂದು ಕಾಯಿದೆ ಮಾಡಿದರು. ಹಲಗಲಿ ಆಗ ಮುಧೋಳದ ಘೋರ್ಪಡೆಯವರ ಸಂಸ್ಥಾನಕ್ಕೆ ಸೇರಿದ ಹಳ್ಳಿ. ಅಲ್ಲಿಯ ಬೇಡರಿಗೆ ಹತಾರವೆಂದರೆ ಗೋಡೆಗೆ ತೂಗುಹಾಕುವ ಅಲಂಕಾರವಾಗಿರಲಿಲ್ಲ. ಬೇಟೆಗೂ ಅದೇ, ಊರ ಕಾವಲಿಗೂ ಅದೇ, ಕುಲದ ಮಾನಕ್ಕೂ ಅದೇ. ಬಡಿಗನ ಕೈಯಿಂದ ಉಳಿ ಕಸಿದಂತೆ, ನಮ್ಮ ಕೈಯಿಂದ ಈಳಿಗೆಮಣೆ ಕಸಿದಂತೆ ಅವರಿಗೆ ಅನಿಸಿರಬೇಕು. ಕೊಡುವುದಿಲ್ಲ ಎಂದರು. ಹನುಮ, ಬಾಲ, ಜಡಗ, ರಾಮ ಎಂಬವರು ಮುಂದೆ ನಿಂತರು. ನವೆಂಬರ್ ತಿಂಗಳ ಕೊನೆಗೆ ಕುದುರೆಯ ದಂಡು ಬಂದು ಊರನ್ನು ಸುತ್ತುಗಟ್ಟಿತು, ಊರಿಗೆ ಬೆಂಕಿ ಹಚ್ಚಿತು. ಸೆರೆ ಸಿಕ್ಕವರು ಸುಮಾರು 290 ಜನ. ಅವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ ಗಲ್ಲಿಗೇರಿಸಿದರು. ಉಳಿದ 6 ಜನರನ್ನು ಡಿಸೆಂಬರ್ 14ರಂದು ಅವರ ಊರು ಹಲಗಲಿಯಲ್ಲೇ, ಅವರ ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು.

ಇಷ್ಟು ಸರಕಾರದ ಲೆಕ್ಕ. ಎಷ್ಟು ಜನ ಸೆರೆ, ಎಷ್ಟು ಜನ ಗಲ್ಲು, ಯಾವ ತಾರೀಖು.

ಇನ್ನೊಂದು ಲೆಕ್ಕ ಲಾವಣಿಕಾರನದು. ಈ ಲಾವಣಿ ಊರೂರಿನ ಬಾಯಿಯಲ್ಲಿತ್ತು. ಅದನ್ನು ಬರೆಸಿಕೊಂಡು 1885ರ ಸುಮಾರಿಗೆ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ನಮ್ಮ ಸೀಮೆಯ ಶಾಸನಗಳನ್ನು ಓದಿದ ಪಂಡಿತನೂ ಅವನೇ. ಬೆಂಕಿ ಹಚ್ಚಿದ ಸರಕಾರದ ಕೈಕೆಳಗಿನವನೇ ಬೆಂಕಿಯ ಹಾಡನ್ನು ಉಳಿಸಿದ ಎಂದರೆ ದೇವರ ಆಟ ಎನ್ನದೆ ಏನೆನ್ನೋಣ! ಈಗ ಹತ್ತನೆಯ ತರಗತಿಯ ಮಕ್ಕಳೂ ಅದನ್ನು ಕನ್ನಡ ಪಾಠವಾಗಿ ಓದಿದ್ದಾರೆ.

ಆ ಲಾವಣಿಯಲ್ಲಿ ದಂಡು ಊರನ್ನು ದೋಚುವ ಭಾಗವೊಂದಿದೆ. ಅಲ್ಲಿ ಕವಿ ಬಂಗಾರ ಬೆಳ್ಳಿಯ ದೊಡ್ಡ ಮಾತು ಆಡುವುದಿಲ್ಲ. ಆತ ಅಡುಗೆಮನೆಗೆ ಬರುತ್ತಾನೆ. ಹೈನಿನ ಪದಾರ್ಥ ಹೇಳುತ್ತಾನೆ, ಮಸಾಲೆಯ ಡಬ್ಬಿಯಲ್ಲಿರುವುದನ್ನು ಹೇಳುತ್ತಾನೆ, ಉಪ್ಪನ್ನೂ ಬಿಡುವುದಿಲ್ಲ. ಉಣ್ಣುವ ಗಂಗಾಳ, ನೀರಿನ ಚರಗಿ, ಕೊರಳ ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು! ಈ ಭಾಗ ಕೇಳಿದಾಗ ಗಂಡಸರು ಮುಂದಿನ ಹೋರಾಟದ ಸಾಲಿಗೆ ಕಾಯುತ್ತಾರೆ. ನನಗೆ ಮಾತ್ರ ಉಸಿರು ಹಿಡಿದಂತಾಗುತ್ತದೆ. ಬೀಸುವ ಕಲ್ಲನ್ನು ಕಳೆದುಕೊಂಡ ಮನೆಯೆಂದರೆ ಎಂಥದೆಂದು ನಮ್ಮ ಆಯಂದಿರಿಗೆ ಗೊತ್ತಿತ್ತು. ಜೋಳ ಇದ್ದರೂ ಹಿಟ್ಟಿಲ್ಲ, ಹಿಟ್ಟಿಲ್ಲದೆ ರೊಟ್ಟಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ನಸುಕಿನಲ್ಲಿ ಕಲ್ಲಿನ ಎದುರು ಕುಳಿತು ತವರನ್ನು ನೆನೆದು ಹಾಡಲು ಜಾಗವಿಲ್ಲ. ಹಾಡು ಹುಟ್ಟುವ ಕಲ್ಲನ್ನೇ ಒಯ್ದರು ಎಂದು ಹಾಡುಗಾರನಿಗೆ ಅನಿಸಿದ್ದರೆ ಆಶ್ಚರ್ಯವೇನು? ಸರಕಾರ ತಲೆಗಳನ್ನು ಎಣಿಸಿತು. ಲಾವಣಿ ಒಂದು ಸಂಸಾರವನ್ನು ಎಣಿಸಿತು.

ನನಗೆ ತಾರೀಖುಗಳಿಗಿಂತ ಹುಣ್ಣಿಮೆ ಅಮಾವಾಸ್ಯೆಗಳ ಮೇಲೆ ನಂಬಿಕೆ. ನಮ್ಮ ತಾಯಂದಿರು ಮಕ್ಕಳ ವಯಸ್ಸನ್ನೂ ಹಾಗೆಯೇ ಹೇಳುತ್ತಿದ್ದರು, "ಕಾರಹುಣ್ಣಿಮಿ ಮುಂದ ಎಂಟು ದಿನಕ್ಕ ಹುಟ್ಟಿದಾಕಿ" ಎಂದು. ಹಾಗಾದರೆ ಹಲಗಲಿಗೆ ಬೆಂಕಿ ಬಿದ್ದಾಗ ಪಂಚಾಂಗದಲ್ಲಿ ಏನಿತ್ತು? ಇದಕ್ಕೊಂದು ಸುಲಭದ ಲೆಕ್ಕವಿದೆ. ನಮ್ಮ ಚಾಂದ್ರಮಾನದ ತಿಥಿಗಳು 19 ವರ್ಷಕ್ಕೊಮ್ಮೆ ಹೆಚ್ಚು ಕಡಿಮೆ ಅದೇ ತಾರೀಖಿಗೆ ತಿರುಗಿ ಬರುತ್ತವೆ. 1857ಕ್ಕೆ ಹತ್ತೊಂಬತ್ತರಂತೆ ಎಂಟು ಸಲ ಕೂಡಿಸಿದರೆ 2009 ಬರುತ್ತದೆ. ಹಾಲಿನ ಲೆಕ್ಕ ಬರೆದಿಟ್ಟ ಹಳೆಯ ಕ್ಯಾಲೆಂಡರುಗಳನ್ನು ನಾನು ಬಿಸಾಡುವುದಿಲ್ಲ, ಕಪಾಟಿನ ಹಿಂದೆ ಸುರುಳಿ ಸುತ್ತಿ ಇಟ್ಟಿರುತ್ತೇನೆ. 2009ರದನ್ನು ತೆಗೆದು ನೋಡಿದೆ. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 16ಕ್ಕೆ ಇತ್ತು. ಅದರ ಹಿಂದಿನ ಹೊಸ್ತಿಲ ಹುಣ್ಣಿಮೆ ಡಿಸೆಂಬರ್ ಹುಟ್ಟುತ್ತಲೇ ಬಂದಿತ್ತು. 1857ರಲ್ಲೂ ಹಾಗೆಯೇ, ಒಂದು ದಿನ ಆಚೀಚೆ.

ಕೈಯಲ್ಲಿ ಕ್ಯಾಲೆಂಡರು ಹಿಡಿದುಕೊಂಡೇ ಕೆಳಗೆ ಕುಳಿತುಬಿಟ್ಟೆ. ಊರಿಗೆ ಬೆಂಕಿ ಬಿದ್ದದ್ದು ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ. ಊರ ನಡುವೆ ಆರು ಜನ ಗಲ್ಲಿಗೇರಿದ್ದು ಎಳ್ಳಮಾವಾಸ್ಯೆ ಇನ್ನು ಎರಡು ದಿನ ಇದೆ ಎನ್ನುವಾಗ. ಮುಧೋಳದಲ್ಲಿ ಹದಿಮೂರು ಜನ ಹೋದ ಡಿಸೆಂಬರ್ 11 ಶುಕ್ರವಾರ, ಹೆಂಗಸರು ತಲೆಗೆ ಎರೆದುಕೊಂಡು ಹೊಸ್ತಿಲಿಗೆ ಅರಿಷಿಣ ಹಚ್ಚುವ ವಾರ.

ಪಟ್ಟಣದಲ್ಲಿ ಬೆಳೆದ ಹುಡುಗಿಯರಿಗಾಗಿ ಈ ಎರಡು ಹಬ್ಬಗಳ ಮಾತು ಸ್ವಲ್ಪ ಹೇಳಬೇಕು. ಮಾರ್ಗಶಿರದ ಹುಣ್ಣಿಮೆಗೆ ನಮ್ಮ ಕಡೆ ಹೊಸ್ತಿಲ ಹುಣ್ಣಿಮೆ ಎನ್ನುತ್ತಾರೆ. ಅಂದು ಹೊಸ್ತಿಲನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಎಡೆ ತೋರಿಸುತ್ತೇವೆ. ಆದರೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಅದೇ ಹುಣ್ಣಿಮೆಗೆ ಬೇರೊಂದು ಅರ್ಥ. ತಾಯಿ ಎಲ್ಲಮ್ಮ ತನ್ನ ಗಂಡ ಜಮದಗ್ನಿಯನ್ನು ಕಳೆದುಕೊಂಡು ಬಳೆ ಒಡೆದುಕೊಂಡದ್ದು ಅಂದು ಎಂದು ನಂಬಿಕೆ. ಅದನ್ನು ರಂಡೆ ಹುಣ್ಣಿಮೆ ಎಂದೇ ಕರೆಯುವವರಿದ್ದಾರೆ. ಮಾಘದ ಭಾರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆಯಾಗುತ್ತಾಳೆ, ಮತ್ತೆ ಬಳೆ ಇಡಿಸಿಕೊಳ್ಳುತ್ತಾಳೆ. ದೇವಿಗೆ ಎರಡು ತಿಂಗಳ ವೈಧವ್ಯ. ಹಲಗಲಿಯ ಹತ್ತೊಂಬತ್ತು ಮನೆಗಳಿಗೆ ಭಾರತ ಹುಣ್ಣಿಮೆ ಬರಲೇ ಇಲ್ಲ.

ಈ ಹುಣ್ಣಿಮೆಯ ಮಾತು ಬಂದರೆ ನಮ್ಮ ಮನೆಯಲ್ಲಿ ನಡೆದದ್ದೊಂದು ನೆನಪಾಗುತ್ತದೆ. ನಮ್ಮಪ್ಪ ತೀರಿಕೊಂಡ ವರ್ಷ. ಹೊಸ್ತಿಲ ಹುಣ್ಣಿಮೆಯ ದಿನ ನಮ್ಮವ್ವ ನೀರು ತುಂಬಿದ ಕೊಡ ಇಟ್ಟು, ಅರಿಷಿಣದ ಬಟ್ಟಲು ಮುಟ್ಟದೆ ಗೋಡೆಗೆ ಆತು ನಿಂತಿದ್ದಳು. ಅಕ್ಕಪಕ್ಕದ ಇಬ್ಬರು ಹೆಂಗಸರು, "ಸೊಸಿ ಕೈಲೆ ಪೂಜಿ ಮಾಡಸ್ರಿ" ಎಂದು ನಮ್ಮ ಆಯಿಗೆ, ಅಂದರೆ ಅವ್ವನ ಅತ್ತೆಗೆ, ಸೂಚಿಸಿದರು. ಮಗನನ್ನು ಕಳೆದುಕೊಂಡ ಮುದುಕಿ ಆಕೆ. ಒಳಗಿನಿಂದ ಕೋಲೂರಿಕೊಂಡು ಬಂದು, "ಈ ಹೊಸ್ತಿಲಾ ದಿನಾ ಸಾರಿಸಿದಾಕಿ ಇಕಿ. ಹೊಸ್ತಿಲಕ್ಕ ಇಕಿ ಗುರುತದಾಳ, ನೀವಲ್ಲ. ಹಚ್ಚವ್ವಾ ತಾಯಿ, ನೀನ ಹಚ್ಚು" ಎಂದು ಬಟ್ಟಲನ್ನು ಅವ್ವನ ಕೈಗಿಟ್ಟಳು. ಅವ್ವ ಅಳುತ್ತಲೇ ಹಚ್ಚಿದಳು. ಆಯಿ ಶಾಲೆಯ ಮುಖ ಕಂಡವಳಲ್ಲ, ಯಾವ ಭಾಷಣ ಕೇಳಿದವಳೂ ಅಲ್ಲ. ಹೊಸ್ತಿಲು ಯಾರದು ಎಂಬುದು ಮಾತ್ರ ಆಕೆಗೆ ಗೊತ್ತಿತ್ತು.

ಇನ್ನು ಎಳ್ಳಮಾವಾಸ್ಯೆ. ಅಂದು ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾದ ಹೋಳಿಗೆ ಹೊತ್ತುಕೊಂಡು ಇಡೀ ಊರು ಹೊಲಕ್ಕೆ ನಡೆಯುತ್ತದೆ. ಬಿಳಿಜೋಳ ಆಗ ಎದೆಮಟ್ಟ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಅನ್ನವನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಎಂದು ಹಿರಿಯರ ಮಾತು. ಹೊಲ ಇಲ್ಲದವರನ್ನೂ ಅಂದು ಕರೆದು ಉಣಿಸುತ್ತಾರೆ. ಹಾದಿಹೋಕನೂ ಹಸಿದು ಹೋಗುವಂತಿಲ್ಲ. ಹಳ್ಳಿಯಲ್ಲಿ ಕೂಡಿ ಬಾಳುವುದು ಎಂದರೆ ಏನೆಂದು ಕೇಳಿದವರಿಗೆ ನಾನು ಈ ಒಂದು ದಿನವನ್ನು ತೋರಿಸುತ್ತೇನೆ.

ಆ ವರ್ಷ ಹಲಗಲಿಯಲ್ಲಿ ಮನೆಗಳು ಬೂದಿಯಾದರೂ ಹೊಲದಲ್ಲಿ ಜೋಳ ನಿಂತಿರುವ ಕಾಲ ಅದು. ನಮ್ಮ ಹಿರಿಯರು ಕಾಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಬಾವಿಯಂತೆ ತೋಡಿ, ಹುಲ್ಲು ಹೊದಿಸಿ, ಬಾಯಿಗೆ ಮಣ್ಣು ಮೆತ್ತಿದ ಹಗೇವಿಗೆ ಮೇಲಿನ ಬೆಂಕಿ ಸುಲಭಕ್ಕೆ ಇಳಿಯುವುದಿಲ್ಲ. ಸುಟ್ಟ ಊರು ಮತ್ತೆ ಊರಾದದ್ದು ಇಂಥ ಸಣ್ಣ ಸಂಗತಿಗಳಿಂದಲೇ ಇರಬೇಕು: ನೆಲದ ಕೆಳಗಿನ ಕಾಳು, ಹೊಲದ ಮೇಲಿನ ತೆನೆ, ನೆರೆ ಊರಿಗೆ ಕೊಟ್ಟ ಹೆಣ್ಣುಮಗಳು ತಲೆಯ ಮೇಲೆ ಹೊತ್ತು ತಂದ ಬುತ್ತಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬೀಗರು ಬುತ್ತಿ ತರುತ್ತಾರೆ. ಊರಿಗೆ ಊರೇ ಸಾವಿನ ಮನೆಯಾದಾಗ ಬುತ್ತಿ ಪಕ್ಕದ ಊರಿನಿಂದಲೇ ಬರಬೇಕು.

ಇಲ್ಲಿ ಬೀಗತನದ ಮಾತೊಂದನ್ನು ಹೇಳದೆ ಹೋದರೆ ತಪ್ಪಾದೀತು. ನಮ್ಮ ಈ ಸೀಮೆ ಆಗ ತುಂಡುತುಂಡಾಗಿತ್ತು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ಅದಕ್ಕೆ ಸೆರಗಿನಂತೆ ಅಂಟಿಕೊಂಡ ರಬಕವಿ ಸಾಂಗಲಿ ಸಂಸ್ಥಾನಕ್ಕೆ. ಮಹಾಲಿಂಗಪುರ ಮುಧೋಳಕ್ಕೆ. ಬೀಳಗಿ ನೇರ ಇಂಗ್ಲಿಷರ ಕೈಯಲ್ಲಿ. ರಬಕವಿಯ ಓಣಿಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹುಡುಗಿಯನ್ನು ಬನಹಟ್ಟಿಗೆ ಕೊಟ್ಟರೆ ಆಕೆ ಒಬ್ಬ ರಾಜನ ಪ್ರಜೆಯಾಗಿದ್ದವಳು ಅಕ್ಕಿಕಾಳು ಬೀಳುವಷ್ಟರಲ್ಲಿ ಇನ್ನೊಬ್ಬ ರಾಜನ ಪ್ರಜೆಯಾಗುತ್ತಿದ್ದಳು! ಈ ಸಂಸ್ಥಾನಗಳೆಲ್ಲ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಕನ್ನಡ ನಾಡು ಒಂದಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಆಮೇಲೆ ರಬಕವಿ-ಬನಹಟ್ಟಿ ತಾನೇ ಒಂದು ತಾಲ್ಲೂಕಾಯಿತು. ಕಾಗದದ ಮೇಲೆ ಇದಕ್ಕೆ ಇಷ್ಟು ವರ್ಷ ಹಿಡಿಯಿತು. ಉಡಿ ತುಂಬಿಸಿಕೊಂಡು ಗಡಿ ದಾಟುತ್ತಿದ್ದ ಹೆಣ್ಣುಮಕ್ಕಳು ಆ ಮೊದಲೇ ಈ ಊರುಗಳನ್ನು ಒಂದು ಮಾಡಿ ಕೂತಿದ್ದರು. ಪಂಚಮಿಗೆ ಅಣ್ಣ ಕರೆಯಲು ಬರುವ ಹಾದಿಗೆ ಯಾವ ಸಂಸ್ಥಾನದ ಸುಂಕದ ಕಟ್ಟೆಯೂ ಅಡ್ಡ ಬರಲಿಲ್ಲ.

ಹಲಗಲಿಗೆ ನಾನು ಹೋದದ್ದು ನಮ್ಮ ಸಂಬಂಧಿಕರ ಮನೆಯ ಕುಬಸದ ನೆಪದಲ್ಲಿ. ಕಾರ್ಯ ಮುಗಿದ ಮೇಲೆ ಎಲ್ಲರೂ ಎಲೆಯಡಿಕೆಗೆ ಕುಳಿತಾಗ ಪಡಸಾಲೆಯ ಕಂಬಕ್ಕೆ ಒರಗಿ ಎಂಬತ್ತು ದಾಟಿದ ಆಯಿಯೊಬ್ಬಳು ಕುಳಿತಿದ್ದಳು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹತ್ತಿರ ಸರಿದು ಕುಳಿತು, "ಆಯಿ, ಊರಿಗೆ ಬೆಂಕಿ ಬಿದ್ದ ಕತಿ ನಿಮಗ ಯಾರು ಹೇಳಿದ್ರು?" ಎಂದೆ.

"ಯಾರು ಹೇಳತಾರ? ಬೀಸೂ ಮುಂದ ನಮ್ಮತ್ತಿ ಹೇಳತಿದ್ಲು. ಗಂಡಸರು ಡಪ್ಪ ಹಿಡದು ಹಾಡತಿದ್ರು. ಅವರದು ಬ್ಯಾರೆ, ನಮ್ಮದು ಬ್ಯಾರೆ."

"ನಿಮ್ಮದರಾಗ ಏನಿತ್ರಿ?"

"ನಮ್ಮದರಾಗ ಏನಿರತೈತಿ? ಬಾಣಂತಿ ಎಲ್ಲಿ ಅಡಗಿದ್ಲು, ಆಕಳ ಕಣ್ಣಿ ಯಾರು ಬಿಚ್ಚಿಬಿಟ್ರು, ಕೂಸಿನ ಬಾಯಿ ಹೆಂಗ ಮುಚ್ಚಿ ಹಿಡದಿದ್ರು. ಇವ ಮಾತು."

ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. "ಊರೆಲ್ಲ ಬೂದಿ ಆದ ಮ್ಯಾಲ ಮೊದಲ ಒಲಿ ಹಚ್ಚಿದಾಕಿ ಯಾರಿರಬೇಕ್ರಿ ಆಯಿ?"

ಆಯಿ ನನ್ನ ಮುಖವನ್ನೇ ನೋಡಿದಳು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತೆ. "ಹಸದ ಕೂಸಿದ್ದಾಕಿ ಹಚ್ಚಿರತಾಳ" ಎಂದು ಹೇಳಿ ಎಲೆಯಡಿಕೆ ಕುಟ್ಟುವ ಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅಲ್ಲಿಂದ ಬಸ್ಸಿನಲ್ಲಿ ಮುಧೋಳಕ್ಕೆ ಬರುವವರೆಗೂ ನಾನು ಯಾರೊಂದಿಗೂ ಮಾತಾಡಲಿಲ್ಲ. ಎರಡೂ ಬದಿಗೆ ಕಬ್ಬು. ಘಟಪ್ರಭೆಯ ನೀರು ಬಂದು, ಸಕ್ಕರೆ ಕಾರ್ಖಾನೆಗಳು ಬಂದು ಈ ಸೀಮೆಯ ಬಣ್ಣವೇ ಬದಲಾಗಿದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಹೋಗುತ್ತವೆ. ಜೋಳದ ಹೊಲ ಕಡಿಮೆಯಾದಂತೆ ಕಣವೂ ಹೋಯಿತು, ಕಣದಲ್ಲಿ ರಾತ್ರಿಯೆಲ್ಲ ಎತ್ತು ತಿರುಗಿಸುತ್ತ ಹಾಡುವ ಹಂತಿಯ ಪದವೂ ಹೋಯಿತು. ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲು ಹಿತ್ತಲು ಸೇರಿತು. ಇದಕ್ಕಾಗಿ ನಾನು ಕಣ್ಣೀರು ಹಾಕುವವಳಲ್ಲ. ನಸುಕಿನಲ್ಲಿ ಎದ್ದು ಎರಡು ಸೇರು ಜೋಳ ಬೀಸಿದ ರಟ್ಟೆಗಳಿಗೆ ಆ ಹಾಡು ಎಷ್ಟು ದುಬಾರಿಯಾಗಿತ್ತೆಂದು ನಮ್ಮವ್ವನ ಅಂಗೈ ನೋಡಿದ ನನಗೆ ಗೊತ್ತು. ಗಿರಣಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆಗೆ ಅದರ ಮುಂದೆ ಕುಳಿತು ಅತ್ತೆ ಸೊಸೆಗೆ ಹೇಳುತ್ತಿದ್ದ ಮಾತೂ ಹಿತ್ತಲು ಸೇರಬೇಕೆಂದಿರಲಿಲ್ಲ. ಡಪ್ಪಿನ ಹಾಡನ್ನು ಫ್ಲೀಟ್ ಬರೆಸಿಕೊಂಡ. ಬೀಸುಕಲ್ಲಿನ ಮುಂದಿನ ಮಾತನ್ನು ಬರೆದುಕೊಳ್ಳಲು ಯಾವ ಸಾಹೇಬನೂ ಅಡುಗೆಮನೆಗೆ ಬರುವಂತಿರಲಿಲ್ಲ.

ಬರೆದು ಉಳಿಸುವ ಕೆಲಸ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಮುಧೋಳದ ರನ್ನ ಬಳೆಗಾರರ ಮನೆಯ ಮಗ. ಸಾವಿರ ವರ್ಷದ ಹಿಂದೆ ಬಳೆಯ ಮಲಾರ ಹೊರಬೇಕಾಗಿದ್ದ ಹುಡುಗ ವಿದ್ಯೆಯ ಬೆನ್ನು ಹತ್ತಿ ಹೋಗಿ ಮಹಾಕವಿಯಾದ. ಅವನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣವನ್ನು ಬರೆಸಿದವಳು ಅತ್ತಿಮಬ್ಬೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಬಳೆ ತೊಡದ ಕೈ ಬಳೆಗಾರನ ಮಗನನ್ನು ಸಾಕಿತು ಎಂಬುದನ್ನು ಮುಧೋಳದ ಪೇಟೆಯಲ್ಲಿ ಬಳೆ ಇಡಿಸಿಕೊಳ್ಳುವಾಗಲೆಲ್ಲ ನೆನೆಯುತ್ತೇನೆ. ಅತ್ತಿಮಬ್ಬೆಯ ಸಂಪತ್ತು ನಮಗಿಲ್ಲ, ಒಪ್ಪಿದೆ. ಆದರೆ ಎರಡು ರೂಲಿನ ನೋಟುಬುಕ್ಕು ಎಲ್ಲರ ಮನೆಯಲ್ಲೂ ಇದೆ.

ಹಳ್ಳಿ ಎಂದರೆ ಕಳೆದುಕೊಂಡವರ ಕತೆ ಮಾತ್ರ ಎಂದು ಯಾರೂ ತಿಳಿಯಬಾರದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯನ್ನು ನೋಡಿರಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬೆಳೆ ಒಣಗುತ್ತಿದ್ದಾಗ, ಸರಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು 1989ರಲ್ಲಿ ಹೊಳೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಅವರನ್ನು ಜನ ಬ್ಯಾರೇಜ್ ಸಿದ್ದು ಎಂದೇ ಕರೆದು, 1991ರಲ್ಲಿ ಲೋಕಸಭೆಗೂ ಕಳಿಸಿದರು. ದೇಶವೆಲ್ಲ ಬೆರಗಾಗಿ ನೋಡಿದ ಕೆಲಸ ಅದು. ಆದರೆ ನಮಗೆ ಗೊತ್ತಿರುವ ಒಂದು ಮಾತಿದೆ: ವಂತಿಗೆಯ ರೂಪಾಯಿ ಎಷ್ಟೋ ಮನೆಗಳಲ್ಲಿ ಮೊದಲು ಹೊರಡುವುದು ಹೆಂಡತಿಯ ಕೊರಳಿನಿಂದ, ಇಲ್ಲವೆ ಆಕೆಯ ಎಮ್ಮೆಯ ಹೈನಿನಿಂದ. ಅಂದು ಕೊರಳ ಸರವನ್ನು ದಂಡು ಒಯ್ದಿತ್ತು, ಇಂದು ಹೊಳೆಯ ಗೋಡೆಗೆ ತಾವೇ ಕೊಟ್ಟರು. ಎರಡರ ನಡುವೆ ನಮ್ಮ ಸೀಮೆಯ ಹೆಂಗಸರ ಚರಿತ್ರೆ ಇದೆ.

ಅದೇ ಕೃಷ್ಣೆ ಇನ್ನೊಂದು ಕಡೆ ಹೊಸ್ತಿಲುಗಳನ್ನು ನುಂಗಿದ್ದೂ ನಿಜ. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಒಪ್ಪಿಸಿದರು. ಈ ಎರಡು ದಿನಗಳ ನಡುವಿನ ನಲವತ್ತೆರಡು ವರ್ಷ ಬೀಳಗಿ ಸೀಮೆಯ ಹೊಳೆದಂಡ ಒಂದು ಕಾಲು ಮನೆಯೊಳಗೆ ಒಂದು ಕಾಲು ಮನೆಯ ಹೊರಗೆ ಇಟ್ಟು ಬದುಕಿತು. ಮನೆ ಸೋರಿದರೂ ಹಂಚು ಹೊದಿಸುವಂತಿಲ್ಲ, ನಾಳೆ ಮುಳುಗುವ ಮನೆಗೆ ಖರ್ಚೇಕೆ? ಊರು ಬಿಡುವ ದಿನ ಬಂದಾಗ ಜನ ತೊಲೆ, ಕಂಬ, ಬಾಗಿಲ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ನಮ್ಮ ಬಳಗದ ಒಬ್ಬ ಅತ್ತಿಗೆ, ಗಾಡಿ ಹೊರಟು ನಿಂತಾಗ ಇಳಿದು ಹೋಗಿ, ಚೌಕಟ್ಟು ಕಿತ್ತು ಬೋಳಾದ ಜಾಗಕ್ಕೆ ನೀರು ಹಾಕಿ ಕುಂಕುಮ ಹಚ್ಚಿ ಬಂದಳಂತೆ. ಪುನರ್ವಸತಿ ಕೇಂದ್ರದಲ್ಲಿ ಪ್ಲಾಟಿನ ನಂಬರು ಸಿಕ್ಕಿತು, ಹೊಸ ಮನೆಯೂ ಆಯಿತು. "ಎಲ್ಲಾ ಸಿಗತ್ರಿ ವೈನಿ. ಆದರ ಬಾಜೂ ಮನಿಯಾಕಿ ಸಿಗಲಿಲ್ಲ. ಅಕಿ ನಂಬರ ಬ್ಯಾರೆ ಕಡೆ ಬಂತು" ಎಂದು ಆಕೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಹೆಪ್ಪಿಗೆ ಒಂದು ಚಮಚ ಮಜ್ಜಿಗೆ, ಒಲೆಗೆ ಒಂದು ಕೆಂಡ, ಮಗುವಿಗೆ ಜ್ವರ ಬಂದ ರಾತ್ರಿ ಒಂದು ಜೊತೆ ಕೈ ಕೊಡುತ್ತಿದ್ದ ಬಾಜೂ ಮನೆಯಾಕೆ ಯಾವ ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ. ಲಾವಣಿಕಾರನಾಗಿದ್ದರೆ ಬರೆಯುತ್ತಿದ್ದನೇನೋ.

ಪಟ್ಟಣಕ್ಕೆ ಬಂದು ನೆಲೆಸಿದ ನಾವು ಹಳ್ಳಿಯನ್ನು ಎರಡು ರೀತಿ ಮಾತಾಡುತ್ತೇವೆ. ಒಂದು, ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು. ಇನ್ನೊಂದು, ಅಲ್ಲಿ ಏನೂ ಇರಲಿಲ್ಲ ಎಂದು. ಎರಡನ್ನೂ ನಾನು ನಂಬುವುದಿಲ್ಲ. ಚರಗದ ದಿನ ಎಲ್ಲರನ್ನೂ ಉಣಿಸಿದ ಊರೇ ವರ್ಷದ ಉಳಿದ ದಿನ ಕೆಲವರಿಗೆ ಬಾವಿಯ ನೀರು ಸೇದಲು ಬಿಡುತ್ತಿರಲಿಲ್ಲ. ಗಂಡ ಸತ್ತವಳ ಮನೆಗೆ ಬುತ್ತಿ ಹೊತ್ತು ತಂದ ಕೈಗಳೇ ಅವಳ ಬಳೆಯನ್ನೂ ಒಡೆದವು. ಊರೆಂದರೆ ಇಷ್ಟೂ ಕೂಡಿ. ಒಳ್ಳೆಯದನ್ನಷ್ಟೇ ಬರೆದರೆ ಅದು ಜಾತ್ರೆಯ ಕರಪತ್ರವಾಗುತ್ತದೆ, ಕೆಟ್ಟದ್ದನ್ನಷ್ಟೇ ಬರೆದರೆ ಪೊಲೀಸರ ಪಂಚನಾಮೆಯಾಗುತ್ತದೆ. ಮಕ್ಕಳಿಗೆ ಎರಡನ್ನೂ ಹೇಳಬೇಕು, ನಮ್ಮ ಆಯಿ ಅರಿಷಿಣದ ಬಟ್ಟಲು ಕೊಟ್ಟದ್ದನ್ನೂ ಹೇಳಬೇಕು.

ನಮ್ಮ ಓಣಿಯ ಹೆಂಗಸರು ಹದಿನೈದು ದಿನಕ್ಕೊಮ್ಮೆ ಕೂಡುತ್ತೇವೆ. ಉಳಿತಾಯದ ಹಣ ಕಟ್ಟುವುದು, ಚಹಾ ಕುಡಿಯುವುದು, ಸೊಸೆಯಂದಿರ ಮಾತು, ಮೊಣಕಾಲು ನೋವಿನ ಮಾತು. ಹೋದ ಹೊಸ್ತಿಲ ಹುಣ್ಣಿಮೆಯ ಮುಂದೆ ನಾನೊಂದು ಸೂಚನೆ ಮಾಡಿದೆ. ಲಾವಣಿಕಾರ ಹಲಗಲಿಯ ಅಡುಗೆಮನೆಯನ್ನು ಎಣಿಸಿದ ಹಾಗೆ, ಪ್ರತಿಯೊಬ್ಬರೂ ತಮ್ಮ ತಮ್ಮ ಅವ್ವನ ಅಡುಗೆಮನೆಯನ್ನು ಎಣಿಸಿ ಬರೆದು ತರಬೇಕು. ಏನೇನಿತ್ತು, ಯಾರು ಕೊಟ್ಟದ್ದು, ಈಗ ಎಲ್ಲಿದೆ, ಅದರ ಮುಂದೆ ಕುಳಿತಾಗ ಅವ್ವ ಏನು ಹೇಳುತ್ತಿದ್ದಳು. ಬರೆಯಲು ಬಾರದವರು ಮೊಮ್ಮಕ್ಕಳ ಕೈಯಿಂದ ಬರೆಸಬೇಕು.

ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಂದರು. ಹರಿವೆ, ಗಡಿಗೆ, ಕೊಣಮಿಗೆ, ನೆಲುವು, ಪರಾತ, ಒರಳು, ತವರಿನ ತಂಬಿಗೆ. ಬನಹಟ್ಟಿಯ ಒಬ್ಬಾಕೆ ಮಗ್ಗದ ಕುಣಿಯನ್ನೂ ಅಡುಗೆಮನೆಯ ಪಟ್ಟಿಗೇ ಸೇರಿಸಿದ್ದಳು. "ನಮ್ಮವ್ವ ಅಲ್ಲೇ ಕೂಸಿಗೆ ಕುಡಸತಿದ್ಲು, ಅಲ್ಲೇ ಉಣತಿದ್ಲು" ಎಂದಳು. ಯಾರೂ ಅದನ್ನು ತೆಗೆಯೆನ್ನಲಿಲ್ಲ. ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗಿ ತನ್ನ ಆಯಿ ಹೇಳಿದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಬಂದು ನಿಂತು ಓದಿದಳು. ಅದರ ಮೊದಲ ಸಾಲು ಹೀಗಿತ್ತು: "ಬೀಸುಕಲ್ಲು ಒಂದು. ಆಯಿಯ ಅತ್ತೆಯದು. ಹಿತ್ತಲಲ್ಲಿದೆ, ಗೂಟ ಮುರಿದಿದೆ, ಕಲ್ಲು ಗಟ್ಟಿಯಿದೆ."